ಕೋಸಗಿಯಲ್ಲಿ ಹತ್ತು ದಿನ

(ನಮ್ಮ ಅನ್ಯೋನ್ಯತಾ ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ಪರದೇಶದಿಂದ ಕೆಲವು ದಿನಗಳ ಮಟ್ಟಿಗೆ ಬಂದು ನಮ್ಮ ಮಕ್ಕಳಿಗೆ ಕಲಿಸುವ ಸೇವೆಯ ಕುರಿತು ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನಾನು ಬೋಧಕನಲ್ಲ, ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಅಷ್ಟಿಷ್ಟು ಇಂಗ್ಲಿಷು ಬರುತ್ತದೆ, ಕೋಸಗಿ ನನ್ನ ತಾಯಿಯ ಊರು. ಈ ಎರಡು ಕಾರಣಕ್ಕೆ ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ಅಂಥ ತಂಡವೊಂದು ನನ್ನನ್ನು ದುಭಾಷಿಯಾಗಿ ಕರೆದುಕೊಂಡು ಹೋಯಿತು. ಅದೇ ತಂಡ ಈಗ ಮತ್ತೆ ಬರುತ್ತೇವೆಂದು ಬರೆದಿದೆ. ಊಟ, ವಸತಿ, ವಾಹನದ ಖರ್ಚನ್ನು ನಮ್ಮ ಕೂಟ ವಹಿಸಿಕೊಳ್ಳಬಹುದೇ ಎಂದು ಕೇಳಿದೆ. ಹೂಂ ಅನ್ನುವುದಕ್ಕೆ ಮುಂಚೆ ನಾನು ಕಂಡದ್ದನ್ನು ನಿಮ್ಮ ಮುಂದೆ ಇಡುವುದು ನನ್ನ ಕರ್ತವ್ಯ.

ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲಿನಲ್ಲಿ ಆದೋನಿ ದಾಟಿ, ಮಂತ್ರಾಲಯಂ ರೋಡಿಗೆ ಮುಂಚೆ ಕೋಸಗಿ ಸಿಗುತ್ತದೆ. 1953ರ ಅಕ್ಟೋಬರ್ 1ರವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದಿನಿಂದ ಆಂಧ್ರಕ್ಕೆ ಸೇರಿತು. ಆದ್ದರಿಂದ ಎಷ್ಟೋ ಮನೆಗಳಲ್ಲಿ ಆಡುವುದು ಕನ್ನಡ, ಮಕ್ಕಳು ಶಾಲೆಯಲ್ಲಿ ಓದುವುದು ತೆಲುಗು. ನಮ್ಮ ಅತಿಥಿಗಳು ಹೇಳಿಕೊಟ್ಟ ಹಾಡುಗಳು ಇಂಗ್ಲಿಷಿನವು. ಮೂರು ಭಾಷೆಗಳ ನಡುವೆ ನಾನೊಬ್ಬ ನಿಂತಿದ್ದೆ.

ಅವರು ಒಳ್ಳೆಯ ಜನ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ರಜೆ ಬಿಟ್ಟು, ಸ್ವಂತ ಹಣದಿಂದ ಟಿಕೀಟು ಕೊಂಡು ಬಂದವರು. ನೆಲದ ಮೇಲೆ ಮಲಗಿದರು, ಜೋಳದ ರೊಟ್ಟಿ, ಖಾರದ ಪಲ್ಯ ತಿಂದರು, ಗೊಣಗಲಿಲ್ಲ. ಆದರೆ ಅವರು ಬಂದ ಕಾಲ ಯಾವುದು? ಜನವರಿ. ಬಿಸಿಲು ಹಿತವಾಗಿರುತ್ತದೆಂದು ಆರಿಸಿಕೊಂಡ ತಿಂಗಳು. ಆ ಸೀಮೆಯಲ್ಲಿ ಮಳೆಯ ಬೆಳೆ ಮುಗಿದ ಮೇಲೆ ಕೂಲಿ ಇರುವುದಿಲ್ಲ. ಜನ ಸುಗ್ಗಿಗೆ ಹೋಗುತ್ತಾರೆ. ಸುಗ್ಗಿ ಎಂದರೆ ನಮಗೆ ಕಣ, ರಾಶಿ, ಹಬ್ಬ ನೆನಪಾಗುತ್ತದೆ. ಅಲ್ಲಿ ಸುಗ್ಗಿ ಎಂದರೆ ಮನೆಗೆ ಬೀಗ ಹಾಕಿ, ಪಾತ್ರೆ ಪಗಡಿ ಗಂಟು ಕಟ್ಟಿ, ಗುಂಟೂರಿನ ಕಡೆ ಹತ್ತಿ ಬಿಡಿಸುವುದಕ್ಕೂ ಮೆಣಸಿನಕಾಯಿ ಕೀಳುವುದಕ್ಕೂ ಹೋಗುವುದು. ನಮ್ಮ ಪಾಠಕ್ಕೆ ಬಂದದ್ದು ಅಜ್ಜಿಯರ ಹತ್ತಿರ ಉಳಿದ ಚಿಕ್ಕ ಮಕ್ಕಳು, ಮತ್ತು ಇನ್ನೂ ಹೊರಡದ ಕೆಲವು ಮನೆಗಳ ಮಕ್ಕಳು.

ಮೂರನೆಯ ದಿನದ ಪಾಠ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯ, ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ. ಬೆಳಿಗ್ಗೆ ಬಂದವನಿಗೂ ಸಂಜೆ ಒಂದು ಗಳಿಗೆ ದುಡಿದವನಿಗೂ ಯಜಮಾನನು ಒಂದೇ ಕೂಲಿ ಕೊಟ್ಟನೆಂದು ಆ ತರುಣಿ ಚಿತ್ರ ತೋರಿಸಿ ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ಹತ್ತು ವರ್ಷದ ಒಬ್ಬ ಹುಡುಗಿ, ಸೊಂಟದಲ್ಲಿ ತಮ್ಮನನ್ನು ಎತ್ತಿಕೊಂಡಿದ್ದವಳು, ಕೇಳಿದಳು: "ತೂಕ ಹಾಕ್ಲಿಲ್ಲೇನ್ ಸಾರ್?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ತರುಣಿಗೆ ಅರ್ಥವಾಗಲಿಲ್ಲ, ನಕ್ಕು ಮುಂದಿನ ಚಿತ್ರ ತೆಗೆದಳು. ನನಗೆ ಅರ್ಥವಾಗಿತ್ತು, ಆದರೂ ಸುಮ್ಮನಿದ್ದೆ. ಮೆಣಸಿನಕಾಯಿ ಹೊಲದಲ್ಲಿ ಹಲವು ಕಡೆ ಕೂಲಿ ದಿನಕ್ಕಲ್ಲ, ಕಿಲೋ ಲೆಕ್ಕ. ಎಷ್ಟು ಕಿತ್ತರೆ ಅಷ್ಟು. ಗಿರಣಿಯಲ್ಲಿ ಪೀಸ್ ರೇಟಿನ ಜಗಳ ಆಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಗೂಲಿಯಾದರೆ ಮಗುವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೂಕದ ಕೂಲಿಯಾದರೆ ಮಗುವಿನ ಎರಡು ಕೈಯೂ ತಕ್ಕಡಿಗೆ ಬೀಳುತ್ತವೆ. ತಾಯಿತಂದೆ ಮಕ್ಕಳನ್ನು ಶಾಲೆ ಬಿಡಿಸುವುದು ಅಜ್ಞಾನದಿಂದ ಎಂದು ಹೇಳುವವರು ಈ ತಕ್ಕಡಿಯನ್ನು ಒಮ್ಮೆ ನೋಡಬೇಕು.

ಹತ್ತಿಯಲ್ಲೂ ಇದೇ ಕಥೆ. 1972ರಲ್ಲಿ ನಮ್ಮ ಧಾರವಾಡದಿಂದ ವರಲಕ್ಷ್ಮಿ ಎಂಬ ಸಂಕರ ತಳಿ ಹೊರಬಂದಾಗ ಗಿರಣಿಯವರೆಲ್ಲ ಸಂತೋಷಪಟ್ಟೆವು. ಸಂಕರ ಬೀಜ ಮಾಡಬೇಕಾದರೆ ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಪರಾಗ ಮುಟ್ಟಿಸಬೇಕೆಂಬುದೂ, ಕರ್ನೂಲು ಜಿಲ್ಲೆಯ ಬೀಜದ ಹೊಲಗಳಲ್ಲಿ ಆ ಕೈಗಳು ಬಹುಮಟ್ಟಿಗೆ ಹೆಣ್ಣುಮಕ್ಕಳವು ಎಂಬುದೂ ನಮಗೆ ತಿಳಿದದ್ದು ಎಷ್ಟೋ ತಡವಾಗಿ.

ನಾಲ್ಕನೆಯ ದಿನ ಬೆಳಿಗ್ಗೆ ಮೇಸ್ತ್ರಿ ಕಳಿಸಿದ ಲಾರಿ ಬಂತು. ಪಾಠಕ್ಕೆ ಹನ್ನೊಂದು ಮಕ್ಕಳು ಕಡಿಮೆ. ಆ ಹುಡುಗಿಯೂ ಇರಲಿಲ್ಲ. ಅವಳ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. "ಎಲ್ಲಿಗೆ ಹೋದಳಮ್ಮಾ?" ಎಂದೆ. "ಕೂಸಿನ್ನ ನೋಡ್ಕೊಳ್ಳಾಕ ಯಾರರ ಬೇಕಲ್ಲ ಯಪ್ಪಾ. ನೀವು ಎಷ್ಟು ದಿನ ಇರ್ತೀರಿ?" ಎಂದಳು. ಇನ್ನು ಆರು ದಿನ ಎಂದೆ. ಆಕೆ ಮತ್ತೇನೂ ಕೇಳಲಿಲ್ಲ.

ಉಳಿದ ಆರು ದಿನ ಪಾಠ ನಡೆಯಿತು. ಬಣ್ಣದ ಪೆನ್ಸಿಲು ಹಂಚಿದೆವು, ಫೋಟೋ ತೆಗೆದೆವು. ವರದಿಯಲ್ಲಿ ಮೊದಲ ದಿನದ ಮಕ್ಕಳ ಸಂಖ್ಯೆಯನ್ನೇ ಬರೆದರು. ನಾನು ಪಕ್ಕದಲ್ಲೇ ಇದ್ದೆ, ತಿದ್ದಲಿಲ್ಲ. ಅದು ನನ್ನ ತಪ್ಪು.

ಸಂಡೇ ಸ್ಕೂಲ್ ಹುಟ್ಟಿದ್ದು ಹೇಗೆಂದು ನಮ್ಮಲ್ಲಿ ಅನೇಕರು ಮರೆತಿದ್ದೇವೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಒಡೆಯ ಆ ದಿನ ಅವರಿಗೆ ಓದು ಕಲಿಸಲು ಏರ್ಪಾಡು ಮಾಡಿದ. ಅವನು ಲಂಡನ್ನಿನಿಂದ ಯಾರನ್ನೂ ಕರೆಸಲಿಲ್ಲ. ಅದೇ ಊರಿನ ಹೆಂಗಸರಿಗೆ ಸಂಬಳ ಕೊಟ್ಟು ಕಲಿಸಲು ಹಚ್ಚಿದ. ದುಡಿಯುವ ಮಕ್ಕಳ ಬಿಡುವಿನ ವೇಳೆಯನ್ನು ನೋಡಿ ಶಾಲೆಯ ವೇಳೆ ಗೊತ್ತುಮಾಡಿದ. ನಾವು ಮಾಡಿದ್ದು ತಿರುವುಮುರುವು.

ಪರದೇಶದವರೇ ಬೇಡವೆಂದು ನಾನು ಹೇಳುತ್ತಿಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಅವರು ಕನ್ನಡ ಕಲಿತು, ಶಾಲೆ ತೆರೆದು, ಜೊತೆಯವರೊಂದಿಗೆ ಸತ್ಯವೇದವನ್ನು ಪೂರ್ತಿ ಕನ್ನಡಕ್ಕೆ ತರುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಆಗಿತ್ತು. ಅಷ್ಟು ದಿನ ಇರಿ ಎಂದು ಇಂದಿನವರನ್ನು ಕೇಳುವ ಹಾಗಿಲ್ಲ. ಇನ್ನೊಂದು ಮಾತು: ಪ್ರವಾಸಿ ವೀಸಾದ ಮೇಲೆ ಬಂದವರು ಧರ್ಮಬೋಧನೆ ಮಾಡುವಂತಿಲ್ಲ, ಅದಕ್ಕೆ ಬೇರೆ ವೀಸಾ ಇದೆ. ಕಳೆದ ಸಲ ನಾವು ಕೇಳಲೇ ಇಲ್ಲ. ಪೊಲೀಸರು ಬಂದಿದ್ದರೆ ತೊಂದರೆ ಆಗುತ್ತಿದ್ದದ್ದು ವಿಮಾನ ಹತ್ತುವವರಿಗಲ್ಲ, ಅಲ್ಲಿನ ಬಡ ಸಭೆಗೆ.

ನನ್ನ ಸೂಚನೆ ಇಷ್ಟು. ವಲಸೆ ಹೋಗುವವರ ಮಕ್ಕಳಿಗಾಗಿ ಸರ್ವ ಶಿಕ್ಷಾ ಅಭಿಯಾನದ ಕಾಲದಿಂದ ಆ ಜಿಲ್ಲೆಯಲ್ಲಿ ಋತುಮಾನದ ಹಾಸ್ಟೆಲುಗಳು ನಡೆದಿವೆ. ತಾಯಿತಂದೆ ಊರಲ್ಲಿಲ್ಲದ ತಿಂಗಳುಗಳಲ್ಲಿ ಮಕ್ಕಳು ಶಾಲೆಯಲ್ಲೇ ಉಂಡು ಮಲಗುವ ವ್ಯವಸ್ಥೆ ಅದು. ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆ ದಾನವಲ್ಲ, ಹಕ್ಕು. ಆದರೆ ಹಾಸ್ಟೆಲು ತೆರೆಯಿರೆಂದು ಅರ್ಜಿ ಬರೆಯುವವರು, ಲಾರಿ ಬರುವುದಕ್ಕೆ ಮುಂಚೆ ದಸರಾ ಹೊತ್ತಿಗೇ ಮನೆ ಮನೆಗೆ ಹೋಗಿ ಮಗುವನ್ನು ಬಿಟ್ಟುಹೋಗಿ ಎನ್ನುವವರು, ಸಂಜೆ ಕೂತು ಕನ್ನಡದಲ್ಲಿ ಅರ್ಥ ಹೇಳಿ ತೆಲುಗು ಓದಿಸುವವರು ಅಲ್ಲೇ ಇರಬೇಕು. ಕೋಸಗಿಯಲ್ಲಿ ಓದಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿದ್ದಾರೆ. ಇಬ್ಬರಿಗೆ ನಾವು ಸಂಬಳ ಕೊಡಬಹುದು. ತಂಡದ ಖರ್ಚಿನ ಅಂದಾಜನ್ನು ಖಜಾಂಚಿಗಳು ಇಲ್ಲಿಟ್ಟಿದ್ದಾರೆ. ವಾಹನ, ವಸತಿ ಎರಡನ್ನೇ ಕೂಡಿಸಿ ನೋಡಿ, ಆ ಸಂಬಳ ಎಷ್ಟು ತಿಂಗಳು ನಡೆಯುತ್ತದೆಂದು ನೀವೇ ಲೆಕ್ಕ ಹಾಕಿರಿ.

ಬರುವವರಿಗೆ ಪ್ರೀತಿಯಿಂದ ಉತ್ತರ ಬರೆಯೋಣ. ಬರಲೇಬೇಕೆಂದಿದ್ದರೆ ಮೇ ತಿಂಗಳಲ್ಲಿ ಬರಲಿ. ಜನ ಸುಗ್ಗಿಯಿಂದ ತಿರುಗಿ ಬಂದಿರುತ್ತಾರೆ, ಮಕ್ಕಳೆಲ್ಲ ಊರಲ್ಲಿರುತ್ತಾರೆ. ಬಿಸಿಲು ಬಹಳ ಎಂಬುದನ್ನೂ ಬರೆಯಬೇಕು. ಸರಿಯಾದ ವೀಸಾ ಇರಲಿ, ಇಬ್ಬರು ಮೂವರು ಸಾಕು, ಆ ಇಬ್ಬರು ಹೆಣ್ಣುಮಕ್ಕಳ ಕೈಕೆಳಗೆ ಕೆಲಸ ಮಾಡಲಿ. ಪತ್ರದ ಕರಡನ್ನು ನಾನು ತಂದಿದ್ದೇನೆ. ಚಹಾ ಆದ ಮೇಲೆ ಓದುತ್ತೇನೆ, ಒಪ್ಪಿಗೆಯಾಗದ ಮಾತನ್ನು ಹೊಡೆದುಹಾಕಿರಿ.