ಫಲಿತಾಂಶದವರೆಗೆ ಕಾಯಬೇಡಿ



ಪದವಿಯ ಕೊನೆಯ ವರ್ಷದಲ್ಲಿರುವವರನ್ನು ‘ಮುಂದೇನು?’ ಎಂದು ಕೇಳಿದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ರಿಸಲ್ಟ್ ಬರ್ಲಿ, ಕಾಂಬ.’

ಈ ಮಾತಿಗೆ ಕಾರಣವಿದೆ. ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಸ್ಥಾಪನೆಯಾಯಿತು. ಅಲ್ಲಿಂದೀಚೆಗೆ ಎಂ.ಎ., ಎಂ.ಎಸ್ಸಿ. ಎಂದರೆ ಅಂಕಪಟ್ಟಿ ಹಿಡಿದು ಕೊಣಾಜೆಗೆ ಹೋಗುವುದು ನಮ್ಮಲ್ಲಿ ರೂಢಿ. ಅಕ್ಕ ಹೋದ ದಾರಿ ತಮ್ಮನಿಗೂ ಗೊತ್ತು. ಆದರೆ ಬೇರೆ ಸಂಸ್ಥೆಗಳ ವೇಳಾಪಟ್ಟಿ ಹಾಗಿಲ್ಲ.

ಐಐಟಿಗಳ ಎಂ.ಎಸ್ಸಿ.ಗೆ ‘ಜಾಮ್’ ಎಂಬ ಪ್ರವೇಶ ಪರೀಕ್ಷೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ ಅದರ ಅಂಕ ನಡೆಯುತ್ತದೆ. ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ-ಪಿಜಿ ಬಂದಿದೆ; ಕಲೆ, ವಾಣಿಜ್ಯದವರಿಗೂ ಇದು ದಾರಿ. ರೈಲಿನಲ್ಲಿ ಹೋಗಿಬರಬಹುದಾದ ಕಾಸರಗೋಡಿನ ಕೇಂದ್ರೀಯ ವಿಶ್ವವಿದ್ಯಾಲಯವೂ ಇದರಲ್ಲಿ ಸೇರಿದೆ. ಇದರ ಅರ್ಜಿಯೂ ಚಳಿಗಾಲದಲ್ಲೇ ಮುಗಿಯುತ್ತದೆ. ನಮ್ಮ ಫಲಿತಾಂಶ ಬರುವ ಮಳೆಗಾಲಕ್ಕೆ ಈ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಒಂದು ವರ್ಷ ಹೋಯಿತೆಂದೇ ಲೆಕ್ಕ. ಮನೆಯಲ್ಲಿ ಎರಡನೇ ಅವಕಾಶಕ್ಕೆ ಹಣವೂ ತಾಳ್ಮೆಯೂ ಇಲ್ಲದ ಹುಡುಗಿಗೆ ಆ ಒಂದು ವರ್ಷವೇ ಓದಿನ ಕೊನೆಯಾಗಬಹುದು.

ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಪದವಿಯ ಅಂಕಪಟ್ಟಿಯನ್ನು ಆಮೇಲೆ ಒಪ್ಪಿಸಿದರೆ ಸಾಕು. ಎಷ್ಟೋ ಮಂದಿಗೆ ಇಷ್ಟೇ ವಿಷಯ ತಿಳಿದಿರುವುದಿಲ್ಲ. ಕೊಣಾಜೆ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಸೇರುವವರು ಆರಿಸಿಕೊಂಡು ಸೇರಲಿ, ಬೇರೆ ದಾರಿ ತಪ್ಪಿತೆಂದು ಅಲ್ಲ.

ಜಾಮ್‌ನಲ್ಲಿ ಮೂರು ಗಂಟೆಗೆ 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ. ಲೆಕ್ಕ ಮಾಡಿ ಸಂಖ್ಯೆಯನ್ನೇ ತುಂಬಬೇಕು. ಉರು ಹೊಡೆದವರು ಸೋಲುವುದು ಇಲ್ಲಿಯೇ. ಹಳೆಯ ಪ್ರಶ್ನೆಪತ್ರಿಕೆಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎರಡನೇ ವರ್ಷದ ರಜೆಯಲ್ಲಿ ಗಡಿಯಾರ ಎದುರಿಗಿಟ್ಟುಕೊಂಡು ಒಂದನ್ನು ಬಿಡಿಸಿ ನೋಡಿ. ಮೊದಲ ಸಲ ಅರ್ಧವೂ ಬಾರದಿದ್ದರೆ ಗಾಬರಿ ಬೇಡ. ಯಾವ ಪಾಠ ಕಾಲೇಜಿನಲ್ಲಿ ಆಗಿಲ್ಲವೆಂಬುದು ತಿಳಿಯಿತಲ್ಲ, ಅಧ್ಯಾಪಕರನ್ನು ಕೇಳಲು ಇನ್ನೂ ಒಂದು ವರ್ಷವಿದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ವಿಷಯದ ಪದಗಳನ್ನು ಈಗಿನಿಂದಲೇ ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಹಿಂದುಳಿದ ವರ್ಗದ ಮೀಸಲಾತಿಗೆ ರಾಜ್ಯದ 2ಎ, 3ಬಿ ಪ್ರಮಾಣಪತ್ರ ಈ ಸಂಸ್ಥೆಗಳಲ್ಲಿ ನಡೆಯದು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿ, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಹೊಸದಾಗಿ ಪಡೆಯಬೇಕು. ಅರ್ಜಿ ಸೆಪ್ಟೆಂಬರ್‌ನಲ್ಲಿ ಎಂದಾದರೆ ತಾಲೂಕು ಕಚೇರಿಗೆ ಜುಲೈಯಲ್ಲೇ ಹೋಗಿ.