ಕೈ ಬಲ್ಲದ್ದನ್ನು ಬಾಯಿಯೂ ಕಲಿಯಬೇಕು



ಮೋಟಾರು ದುರಸ್ತಿಯಲ್ಲಿ ನುರಿತ ಮೆಕ್ಯಾನಿಕರನ್ನು ಎಂಜಿನಿನ ಪಕ್ಕದಿಂದ ಎಬ್ಬಿಸಿ, ಗಿರಾಕಿಗಳ ಎದುರಿನ ಮೇಜಿಗೆ ತಂದು ಕೂಡಿಸುವುದು ಇಂದಿನ ಸರ್ವೀಸ್ ಕೇಂದ್ರಗಳಲ್ಲಿ ರೂಢಿಯಲ್ಲಿದೆ. ಆ ಮೇಜಿನವರಿಗೆ ಸರ್ವೀಸ್ ಅಡ್ವೈಸರ್ ಎಂದು ಹೆಸರು. ದೂರನ್ನು ಕೇಳಿ ಜಾಬ್ ಕಾರ್ಡಿನಲ್ಲಿ ಬರೆಯುವುದು, ಖರ್ಚಿನ ಅಂದಾಜು ತಿಳಿಸಿ ಒಪ್ಪಿಗೆ ಪಡೆಯುವುದು, ಮಾಡಿದ ಕೆಲಸವನ್ನು ವಿವರಿಸಿ ಗಾಡಿಯನ್ನು ಒಪ್ಪಿಸುವುದು ಅವರ ಹೊಣೆ. ಇದು ಬಡ್ತಿಯೆಂಬುದು ನಿಜ. ಆದರೆ ಈ ಕೆಲಸಕ್ಕೆ ಬೇಕಾದ ಶಿಕ್ಷಣ ಯಾವುದು ಎಂಬ ವಿಚಾರವನ್ನು ನಾವು ಸಾಕಷ್ಟು ಮಾಡಿದಂತಿಲ್ಲ.

ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. ಐ.ಟಿ.ಐ. ಮತ್ತು ಕಾರ್ಖಾನೆಗಳಲ್ಲಿ ಅಸಂಖ್ಯ ತರುಣರ ಕೈ ಪಳಗಿತು. ಪಳಗಿದ ಆ ಕೈಗೆ ತಿಳಿದಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದು ಮತ್ತೊಂದು ವಿದ್ಯೆ.

ನಾನೂ ಹಾಗೆ ಮೇಜಿಗೆ ಬಂದವನು. ಮೊದಲ ವಾರದಲ್ಲಿ ವಯಸ್ಸಾದ ತಾಯಿಯೊಬ್ಬರು ಬಂದು, "ಬ್ರೇಕು ಒತ್ತಿದರೆ ಕಿರ್ ಎನ್ನುತ್ತದಪ್ಪ" ಎಂದರು. ಅವರ ಮಾತು ಮುಗಿಯುವ ಮೊದಲೇ 'ಬ್ರೇಕ್ ಪ್ಯಾಡ್ ಬದಲಾವಣೆ' ಎಂದು ಬರೆದುಬಿಟ್ಟೆ. ಪ್ಯಾಡು ಬದಲಾಯಿತು, ಹಣವೂ ಸಂದಾಯವಾಯಿತು. ಎರಡು ದಿನ ಕಳೆದು ಅವರು ಮತ್ತೆ ಬಂದರು, ಸದ್ದು ಹೋಗಿರಲಿಲ್ಲ. ಮಳೆ ಬಂದ ರಾತ್ರಿಯ ಮರು ಬೆಳಿಗ್ಗೆ, ಮೊದಲ ನಾಲ್ಕಾರು ಸಲ ಮಾತ್ರ ಆ ಸದ್ದು ಬರುತ್ತಿತ್ತು. ಒದ್ದೆಯಾದ ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕಿನಿಂದ ಬರುವ ಸದ್ದು ಅದು. ಬ್ರೇಕು ಹಿಡಿದಂತೆ ತಾನೇ ಸವೆದು ಹೋಗುತ್ತದೆ. ಆ ತಾಯಿ ಜಗಳವಾಡಲಿಲ್ಲ. "ಅವತ್ತೇ ಹೇಳೋಣವೆಂದಿದ್ದೆ, ನೀನು ಕೇಳಲೇ ಇಲ್ಲವಲ್ಲಪ್ಪ" ಎಂದಷ್ಟೇ ಅಂದರು. ಹದಿನೈದು ವರ್ಷ ಸ್ಪ್ಯಾನರು ಹಿಡಿದವನಿಗೆ ತುಕ್ಕಿನ ಸದ್ದು ತಿಳಿಯದೆ? ತಿಳಿದಿತ್ತು. ಕೇಳುವ ತಾಳ್ಮೆ ಇರಲಿಲ್ಲ, ಅಷ್ಟೆ.

ಆದುದರಿಂದ ಮೊದಲ ಪಾಠ ಕೇಳುವುದು. ಸದ್ದು ಯಾವಾಗ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಎಂದು ವಿಚಾರಿಸಿ, ಗಿರಾಕಿಯ ಮಾತನ್ನೇ ಕಾರ್ಡಿನಲ್ಲಿ ಬರೆಯಬೇಕು. ತೀರ್ಮಾನವನ್ನು ಪರೀಕ್ಷೆಯ ನಂತರಕ್ಕೆ ಬಿಡಬೇಕು. ತರಬೇತಿಯಲ್ಲಿ ಒಬ್ಬರು ಗಿರಾಕಿಯಾಗಿ, ಇನ್ನೊಬ್ಬರು ಅಡ್ವೈಸರಾಗಿ ಅಭ್ಯಾಸ ಮಾಡಿದರೆ ಇದು ಬೇಗ ಕೈಗೂಡುತ್ತದೆ.

ಎರಡನೆಯದು ತಿಳಿಯುವಂತೆ ಹೇಳುವುದು. 'ಬ್ರೇಕ್ ಆಯಿಲ್ ಬದಲಿಸಬೇಕು' ಎಂದರೆ ಅನುಮಾನ ಹುಟ್ಟುತ್ತದೆ. 'ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಿದರೆ ಬೇಗ ಕುದಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕು ಕೈಕೊಟ್ಟೀತು' ಎಂದರೆ ವಿಷಯ ಮನದಟ್ಟಾಗುತ್ತದೆ. ಸವೆದ ಭಾಗವನ್ನು ಹೊಸದರ ಪಕ್ಕದಲ್ಲಿಟ್ಟು ತೋರಿಸುವುದು ಇನ್ನೂ ಒಳ್ಳೆಯದು.

ಮೂರನೆಯದು ಎಲ್ಲಕ್ಕಿಂತ ಕಠಿಣ. ಇಂದೇ ಆಗಬೇಕಾದ ಕೆಲಸ ಯಾವುದು, ಮುಂದಿನ ಸರ್ವೀಸಿನವರೆಗೆ ಕಾಯಬಹುದಾದದ್ದು ಯಾವುದು, ಬೇಡವೇ ಬೇಡವೆಂಬುದು ಯಾವುದು ಎಂದು ವಿಂಗಡಿಸಿ ಹೇಳಬೇಕು. ಬಿಲ್ಲು ಬೆಳೆದಂತೆ ಅಡ್ವೈಸರಿಗೆ ಪ್ರೋತ್ಸಾಹಧನ ಬೆಳೆಯುವ ಕಡೆಗಳಲ್ಲಿ 'ಇದು ಬೇಡ' ಎಂಬ ಮಾತು ನಾಲಿಗೆಗೆ ಸುಲಭವಾಗಿ ಬಾರದು. ಸೇವೆಯ ಲೋಪವನ್ನು ಪ್ರಶ್ನಿಸುವ ಹಕ್ಕನ್ನು 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ನೀಡಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯಲ್ಲೂ ಆ ಹಕ್ಕಿದೆ. ಆದರೆ ಬಾನೆಟ್ಟಿನ ಕೆಳಗೆ ಏನಿದೆಯೆಂದು ಅರಿಯದ ಗಿರಾಕಿ ಪ್ರಶ್ನಿಸುವುದಾದರೂ ಹೇಗೆ? ಅದನ್ನು ಅರಿತವರು ಆ ಮೇಜಿನ ಹಿಂದೆ ಕುಳಿತವರೇ. ಮೆಕ್ಯಾನಿಕರನ್ನು ಅಲ್ಲಿಗೆ ಕರೆತರುವುದರ ಸಾರ್ಥಕತೆ ಇರುವುದೂ ಇಲ್ಲಿಯೇ. ಮಾರುವ ಚಾತುರ್ಯವನ್ನಷ್ಟೇ ಕಲಿಸಿದರೆ ಒಬ್ಬ ಒಳ್ಳೆಯ ಮೆಕ್ಯಾನಿಕನನ್ನೂ ಗಿರಾಕಿಯ ನಂಬಿಕೆಯನ್ನೂ ಒಟ್ಟಿಗೆ ಕಳೆದುಕೊಂಡಂತೆ.

ಆ ತಾಯಿ ಮೂರನೆಯ ಸಲವೂ ಬಂದರು. ಅಂದು ಮೊದಲು ಪೆನ್ನನ್ನು ಕೆಳಗಿಟ್ಟು, "ಹೇಳಿ ಅಮ್ಮ" ಎಂದೆ.