ದರ್ಬಿನ್ಯಾನ್ ಎಂದರೆ ಕಮ್ಮಾರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತಾಡು ಅಂತ ಸಮಿತಿಯವರು ಹೇಳಿದ್ದರು. ಆ ಕೆಲಸ ಹೇಗೆ ಸಿಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಮೊಬೈಲು ಹೇಳುತ್ತದೆ. ನಾನು ಒಂದು ಅಡ್ಡಹೆಸರಿನ ಕಥೆ ಹೇಳುತ್ತೇನೆ. ಅದು ಆರ್ಮೇನಿಯ ದೇಶದ ಹೆಸರು, ದರ್ಬಿನ್ಯಾನ್.

ಮೊದಲು ನನ್ನ ಹೆಸರಿನ ಸುದ್ದಿ. ನಮ್ಮ ತರಗತಿಯಲ್ಲಿ ಮೂವರು ಮಂಜುನಾಥರಿದ್ದೆವು. ಹಾಗಾಗಿ ಹಾಜರಿ ಕೂಗುವಾಗ ಗುರುಗಳು ಅಡ್ಡಹೆಸರು ಹಿಡಿದೇ ಕರೆಯುತ್ತಿದ್ದರು: ಬಡಿಗೇರ, ಹೂಗಾರ, ಕಮ್ಮಾರ. ಇಲ್ಲಿ ಅದು ನನಗೆ ಏನೂ ಅನ್ನಿಸಿರಲಿಲ್ಲ. ಬಿ.ಇ. ಓದಲು ಹೋದಾಗ ಹಾಸ್ಟೆಲಿನಲ್ಲಿ ಒಬ್ಬ, 'ಕಂಪ್ಯೂಟರ್ ಕೆಟ್ಟರೆ ಸುತ್ತಿಗೆ ತರ್ತೀಯೇನೋ' ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುವರ್ಷದಿಂದ ನಾನು 'ಮಂಜುನಾಥ್ ಕೆ.' ಆದೆ. ಕೆಲಸಕ್ಕೆ ಸೇರಿದ ಮೇಲೂ ಅದೇ. 'ಕೆ' ಅಂದರೇನು ಅಂತ ಕೇಳಿದವರಿಗೆ ಊರ ಹೆಸರು ಅಂತ ಸುಳ್ಳು ಹೇಳಿದ್ದೂ ಉಂಟು.

ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಗ್ರಾಹಕರ ಪಟ್ಟಿ ಶುದ್ಧಮಾಡುವ ಕೆಲಸ ಬಂತು. ಒಬ್ಬನೇ ಮನುಷ್ಯ ಎರಡೆರಡು ಕಡೆ ದಾಖಲಾಗಿದ್ದರೆ ಹುಡುಕಿ ಒಂದು ಮಾಡಬೇಕು. ನಮ್ಮ ಜೊತೆ ಯೆರೆವಾನ್ ಪಟ್ಟಣದ ಒಂದು ತಂಡವಿತ್ತು. ಯೆರೆವಾನ್ ಆರ್ಮೇನಿಯದ ರಾಜಧಾನಿ. ತುರ್ಕಿ, ಜಾರ್ಜಿಯ, ಅಜರ್‌ಬೈಜಾನ್, ಇರಾನ್‌ಗಳ ನಡುವೆ ಸಿಕ್ಕಿಕೊಂಡಿರುವ ಗುಡ್ಡಗಾಡು ದೇಶ ಅದು. ವಿಸ್ತೀರ್ಣದಲ್ಲಿ ಕರ್ನಾಟಕದ ಆರರಲ್ಲೊಂದು ಪಾಲಿಗೂ ಕಡಿಮೆ, ಜನಸಂಖ್ಯೆ ಸುಮಾರು 30 ಲಕ್ಷ. ದೇಶದ ಹೊರಗಿರುವ ಆರ್ಮೇನಿಯನ್ನರೇ ಒಳಗಿರುವವರಿಗಿಂತ ಹೆಚ್ಚು.

ನಾನು ಬರೆದ ಪ್ರೋಗ್ರಾಮು ದರ್ಬಿನ್ಯಾನ್ ಮತ್ತು ತಾರ್ಪಿನಿಯನ್ ಎಂಬ ಎರಡು ಹೆಸರುಗಳನ್ನು ಬೇರೆ ಬೇರೆ ಎಂದು ಬಿಟ್ಟುಬಿಟ್ಟಿತ್ತು. ಆ ಕಡೆಯ ಎಂಜಿನಿಯರ್ ಒಬ್ಬರು ತಪ್ಪು ಹಿಡಿದರು. 'ಇವೆರಡೂ ಒಂದೇ ಹೆಸರು. ನನಗೆ ಗೊತ್ತು, ಯಾಕೆಂದರೆ ಅದು ನನ್ನದೇ ಹೆಸರು' ಅಂದರು. ಆರ್ಮೇನಿಯನ್ ಭಾಷೆಯಲ್ಲಿ ಪೂರ್ವದ ಮತ್ತು ಪಶ್ಚಿಮದ ಎಂದು ಎರಡು ರೂಪ. ಬರೆಯುವ ಅಕ್ಷರ ಅದೇ. ಆದರೆ ಪೂರ್ವದವರು ದ, ಬ ಅನ್ನುವ ಕಡೆ ಪಶ್ಚಿಮದವರು ತ, ಪ ಅನ್ನುತ್ತಾರೆ. ಕೊನೆಯ 'ಯಾನ್' ಅಂದರೆ 'ಅವರ ಮನೆಯವನು, ಅವರ ವಂಶದವನು'. ಆರ್ಮೇನಿಯದೊಳಗೆ ಅದನ್ನು ಇಂಗ್ಲಿಷಿನಲ್ಲಿ ವೈ ಹಾಕಿ ಬರೆಯುವುದು ರೂಢಿ, ಹೊರದೇಶಗಳಲ್ಲಿ ಐ ಹಾಕಿ.

'ಹಾಗಾದರೆ ದರ್ಬಿನ್ ಅಂದರೆ?' ಅಂತ ಕೇಳಿದೆ.

'ಕಬ್ಬಿಣ ಕಾಯಿಸಿ ಬಡಿಯುವವನು' ಅಂದರು.

ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ, 'ನನ್ನ ಹೆಸರೂ ಅದೇ' ಅಂದೆ. ಬಹಳ ವರ್ಷಗಳ ನಂತರ ಆ ಮಾತು ನನ್ನ ಬಾಯಿಂದ ಬಂದದ್ದು ಆವತ್ತೇ.

ಅಲ್ಲಿಂದ ನನಗೆ ಈ ಹೆಸರುಗಳ ಹುಚ್ಚು ಹಿಡಿಯಿತು. ಅವರ ಭಾಷೆಯಲ್ಲಿ ನಮ್ಮ ತರಗತಿಯ ಹಾಜರಿಯನ್ನೇ ಕೂಗಬಹುದು. ನಜಾರ್ಯಾನ್ ಅಂದರೆ ಬಡಿಗೇರ. ಅದರ ಮೂಲ ಅರಬ್ಬಿಯ ನಜ್ಜಾರ್. ಬ್ರುತ್ಯಾನ್ ನಮ್ಮ ಕುಂಬಾರ. ಟೆರ್ಜಿಯನ್ ನಮ್ಮ ಸಿಂಪಿಗೇರ. ಟಿ.ವಿ.ಯಲ್ಲಿ ಹೆಸರಾದ ಕರ್ದಾಷಿಯನ್ ಎಂಬುದು ಕಲ್ಲುಕುಟಿಗ. 'ಕಾರ್' ಅಂದರೆ ಕಲ್ಲು, 'ತಾಶ್' ಅಂದರೆ ಕೆತ್ತುವುದು. ಅಷ್ಟು ಥಳಕಿನ ಹೆಸರಿನೊಳಗೆ ಒಂದು ಉಳಿ ಕುಳಿತಿದೆ!

ಹಾಗಂತ ದರ್ಬಿನ್ಯಾನ್ ಆರ್ಮೇನಿಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಹೆಸರಲ್ಲ. ಮುಂದಿರುವವು ಗ್ರಿಗೊರ್ಯಾನ್, ಹರುತ್ಯುನ್ಯಾನ್, ಸರ್ಗ್‌ಸ್ಯಾನ್, ಹೊವ್ಹಾನ್ನಿಸ್ಯಾನ್ ಇಂಥವು. ಯಾವನೋ ಹಿರಿಯನ ಹೆಸರಿಗೆ 'ಯಾನ್' ಸೇರಿಸಿದವು. ಆ ದೇಶಕ್ಕೆ ಕ್ರೈಸ್ತ ಧರ್ಮ ತಂದ ಸಂತನ ಹೆಸರು ಗ್ರಿಗೊರ್, ಆದ್ದರಿಂದ ಮನೆಮನೆಯಲ್ಲೂ ಒಬ್ಬ ಗ್ರಿಗೊರ್ ಇದ್ದ. ಚದುರಂಗ ಆಡುವ ಮಕ್ಕಳಿಗೆ ಇನ್ನೊಂದು ಹೇಳುತ್ತೇನೆ: ಗ್ಯಾರಿ ಕಾಸ್ಪರೋವ್ ಇಟ್ಟುಕೊಂಡದ್ದು ತಾಯಿಯ ಮನೆತನದ ಹೆಸರು. ಅದು ಮೂಲದಲ್ಲಿ ಗಾಸ್ಪರ್ಯಾನ್, ರಷ್ಯನ್ ಬಾಯಲ್ಲಿ ಕಾಸ್ಪರೋವ್ ಆಯಿತು.

ಇಂಗ್ಲೆಂಡಿನಲ್ಲಿ ಸ್ಮಿತ್, ರಷ್ಯದಲ್ಲಿ ಕುಜ್ನೆತ್ಸೋವ್, ಹಂಗೇರಿಯಲ್ಲಿ ಕೊವಾಚ್, ಎಲ್ಲರೂ ಕಮ್ಮಾರರೇ, ಎಲ್ಲವೂ ಆಯಾ ದೇಶದ ದೊಡ್ಡ ಹೆಸರುಗಳು. ಆರ್ಮೇನಿಯದಲ್ಲಿ ಮಾತ್ರ ಯಾಕೆ ಕಮ್ಮಾರ ಹಿಂದೆ ಬಿದ್ದ? ಮುಖ್ಯ ಕಾರಣ ಆ ಹಿರಿಯರ ಹೆಸರುಗಳೇ. ಇನ್ನೊಂದು ನನ್ನ ಲೆಕ್ಕ, ಪಟ್ಟಿ ಶುದ್ಧಮಾಡುವವನ ಲೆಕ್ಕ ಅನ್ನಿ. ಅಲ್ಲಿ ಕಮ್ಮಾರ ಹಲವು ಸಾಲುಗಳಲ್ಲಿ ಹಂಚಿಹೋಗಿದ್ದಾನೆ. ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದ ಊರುಗಳಲ್ಲಿ ಗಿರಾಕಿಗಳು ಅವನನ್ನು ತುರ್ಕಿ ಮಾತಿನಲ್ಲಿ 'ದೆಮಿರ್‌ಜಿ' ಅಂತ ಕರೆದರು. ಅದಕ್ಕೆ 'ಯಾನ್' ಸೇರಿ ದೆಮಿರ್‌ಜಿಯನ್, ದೆಮಿರ್‌ಚ್ಯಾನ್ ಆಯಿತು. 1998ರಲ್ಲಿ ಆರ್ಮೇನಿಯದ ಪ್ರಧಾನಿಯಾದವರು ಆರ್ಮೆನ್ ದರ್ಬಿನ್ಯಾನ್. ಮರುವರ್ಷ ಸಂಸತ್ತಿನ ಸಭಾಧ್ಯಕ್ಷರಾಗಿ, ಅಕ್ಟೋಬರ್ 27ರಂದು ಸಭೆಯಲ್ಲೇ ಗುಂಡಿಗೆ ಬಲಿಯಾದವರು ಕಾರೆನ್ ದೆಮಿರ್‌ಚ್ಯಾನ್. ಹೆಸರಿನ ಅರ್ಥ ನೋಡಿದರೆ ಇಬ್ಬರೂ ಕಮ್ಮಾರರು. ಕಂಪ್ಯೂಟರಿಗೆ ಇದು ಎಂದೂ ಹೊಳೆಯುವುದಿಲ್ಲ.

ತಾರ್ಪಿನಿಯನ್ನರು ಲೋಕದ ಮೂಲೆಮೂಲೆಗೆ ಹೋದದ್ದು ಸುಖದಿಂದಲ್ಲ. 1915ರಿಂದ ಒಟ್ಟೊಮನ್ ಆಡಳಿತ ಆರ್ಮೇನಿಯನ್ನರನ್ನು ಊರುಬಿಡಿಸಿ ಸಿರಿಯದ ಮರುಭೂಮಿಯ ಕಡೆ ಅಟ್ಟಿತು, ಲಕ್ಷಾಂತರ ಜನ ಸತ್ತರು. ಉಳಿದವರು ಬೈರೂತ್, ಅಲೆಪ್ಪೊ, ಫ್ರಾನ್ಸ್, ಅಮೆರಿಕ ಸೇರಿದರು. ಅಡಿಗಲ್ಲನ್ನು ಯಾರೂ ಹೊತ್ತುಕೊಂಡು ಓಡಲಾರರು. ಹೆಸರು ಮಾತ್ರ ಜೊತೆಗೆ ಹೋಯಿತು.

ಆ ಎಂಜಿನಿಯರ್ ಹೇಳಿದ ಒಂದು ಕಥೆ ಅವರ ಹಳೆಯ ಇತಿಹಾಸಕಾರ ಮೊವ್ಸೆಸ್ ಖೊರೆನಾತ್ಸಿ ಬರೆದಿಟ್ಟದ್ದು. ಅರ್ತಾಶೆಸ್ ಎಂಬ ರಾಜ ಸತ್ತಾಗ ಅವನ ಮೇಲಿನ ಪ್ರೀತಿಗೆ ಬಹಳ ಜನ ಜೊತೆಗೇ ಪ್ರಾಣಬಿಟ್ಟರಂತೆ. ಮಗ ಅರ್ತವಾಜ್ದ್, 'ಎಲ್ಲರನ್ನೂ ಕರೆದುಕೊಂಡು ಹೋದೆ, ನಾನು ಈ ಹಾಳುಭೂಮಿ ಆಳಲೇನು' ಅಂತ ಗೊಣಗಿದ. ಸತ್ತ ತಂದೆಯ ಶಾಪ ತಟ್ಟಿತು. ಮಾಸಿಸ್ ಬೆಟ್ಟದ ಗವಿಯಲ್ಲಿ, ಅಂದರೆ ಅರಾರತ್ ಬೆಟ್ಟದಲ್ಲಿ, ಕಬ್ಬಿಣದ ಸರಪಳಿಗಳಲ್ಲಿ ಅವನು ಬಂದಿ. ಎರಡು ನಾಯಿಗಳು ಆ ಸರಪಳಿ ಕಡಿಯುತ್ತಲೇ ಇರುತ್ತವೆ. ಅದು ಹರಿದರೆ ಅವನು ಹೊರಬಂದು ಲೋಕ ಮುಗಿಸುತ್ತಾನೆ. ಅದಕ್ಕೇ ಕಮ್ಮಾರರು ವಾರದ ಮೊದಲ ದಿನ ಅಡಿಗಲ್ಲಿನ ಮೇಲೆ ಮೂರು ನಾಲ್ಕು ಸಲ ಸುಮ್ಮನೆ ಬಡಿಯುತ್ತಿದ್ದರು. ಆ ಪೆಟ್ಟಿಗೆ ಸವೆದ ಸರಪಳಿ ಮತ್ತೆ ಗಟ್ಟಿಯಾಗುತ್ತಿತ್ತಂತೆ.

ಆ ರಾತ್ರಿಯೇ ಅಪ್ಪನಿಗೆ ಫೋನು ಮಾಡಿ ಈ ಕಥೆ ಹೇಳಿದೆ. ಕೂರಿಗೆ ತಾಳು, ಕುಂಟೆ, ಗುಳ, ಕುಡಗೋಲು ಅಂತ ನಲವತ್ತು ವರ್ಷ ಬಡಿದ ಕೈ ಅದು. ಟ್ರ್ಯಾಕ್ಟರು ಬಂದ ಮೇಲೆ ತಿದಿ ಮೂಲೆಗೆ ಸೇರಿತ್ತು. ಅಪ್ಪ ಪೂರ್ತಿ ಕೇಳಿ, 'ನಾವು ಅಮಾಸಿ ದಿನಾ ಕುಲುಮಿ ಹಚ್ಚಂಗಿಲ್ಲ. ಅವರು ಕೆಲಸ ಇಲ್ದಾಗೂ ಬಡೀತಾರ. ಚಲೋ ಐತಿ' ಅಂದ. ಆಮೇಲೆ ಕೇಳಿದ, 'ಆ ಹುಡುಗನ ಮನ್ಯಾಗ ಈಗ ಯಾರರೆ ಬಡೀತಾರೇನು?'

ನಾನು ಅದನ್ನು ಮೊದಲೇ ಕೇಳಿದ್ದೆ. ಅವರ ಮುತ್ತಜ್ಜ ಗ್ಯುಮ್ರಿ ಎಂಬ ಊರಿನವರು, ಕುಶಲಕರ್ಮಿಗಳಿಗೆ ಹೆಸರಾದ ಊರು. 1988ರ ಡಿಸೆಂಬರ್ 7ರ ಭೂಕಂಪದಲ್ಲಿ ಊರಿನ ಬಹುಭಾಗ ಕುಸಿಯಿತು, ಮನೆಯೂ ಹೋಯಿತು. ಈಗ ಯಾರೂ ಬಡಿಯುವುದಿಲ್ಲ.

'ಹಂಗಾರ ಹೆಸರಷ್ಟ ಉಳೀತು' ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, 'ನೀ ಅದನ್ನೂ ಕೆ ಮಾಡೀದಿ' ಅಂದ. ಅವನಿಗೆ ಅದು ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮದುವೆಯ ಕರೆಯೋಲೆಯಲ್ಲಿ ಓದಿದ್ದನಂತೆ, ಏನೂ ಅಂದಿರಲಿಲ್ಲ.

ಆಧಾರ್, ಬ್ಯಾಂಕು, ಪಾಸ್‌ಪೋರ್ಟು ಎಲ್ಲದರಲ್ಲೂ ಹೆಸರು ಸರಿಮಾಡಿಸಲು ಹನ್ನೊಂದು ತಿಂಗಳು ಹಿಡಿಯಿತು. ಮಕ್ಕಳೆ, ನಿಮ್ಮ ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಹೆಸರು ತುಂಬುವಾಗ ಅವಸರ ಮಾಡಬೇಡಿ. ಈ ಸಂಚಿಕೆಯ ಸಮಿತಿಯವರು ಹೆಸರು ಹೇಗೆ ಹಾಕಲಿ ಅಂತ ಕೇಳಿದಾಗ ಪೂರ್ತಿ ಬರೆದುಕೊಟ್ಟಿದ್ದೇನೆ.

ಸಂಘಟಕರು ಊಟದ ಹೊತ್ತಾಯಿತೆಂದು ಸನ್ನೆ ಮಾಡುತ್ತಿದ್ದಾರೆ. ಈಗ ಗಂಟೆ ಬಾರಿಸುತ್ತಾರೆ. ಆ ಹಳಿಯ ತುಂಡಿಗೆ ಶಾಲೆ ಶುರುವಾದ ವರ್ಷ ತೂತು ಕೊರೆದು ಬೇವಿನ ಮರಕ್ಕೆ ಕಟ್ಟಿದವನು ನಮ್ಮ ಅಜ್ಜ. ಅಪ್ಪ ಅಲ್ಲಿ ಹಿಂದೆ, ಅದೇ ಮರದ ಕೆಳಗೆ ಕುಳಿತಿದ್ದಾನೆ.